ಬಗ್ಗದ ಭಾನುವಾರ

ಗಂಗಾವತಿ
೨೦ ಮಾರ್ಚ್ ೨೦೦೬, ಸೋಮವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಗಾದಿಲಿಂಗ ಬರೆಯುವುದು. ಎಲ್ಲಕ್ಕಿಂತ ಮೊದಲು ನಿನ್ನ ಮೊಣಕಾಲು ಹೇಗಿದೆ ತಿಳಿಸು. ಹೋದ ಪಂಚಮಿಗೆ ಬಂದಾಗ ನಮ್ಮ ಮನೆಯ ಒಂಬತ್ತು ಮೆಟ್ಟಿಲು ಹತ್ತುವುದರೊಳಗೆ ಎರಡು ಸಲ ನಿಂತೆ. ಒಮ್ಮೆ ಸೆರಗು ಸರಿ ಮಾಡಿಕೊಂಡಂತೆ, ಇನ್ನೊಮ್ಮೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಂತೆ. ಆ ಕ್ಯಾಲೆಂಡರ್ ಹಿಂದಿನ ವರ್ಷದ್ದಾಗಿತ್ತು. ಶೇಖರಮ್ಮ ಅವತ್ತೇ ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬಾಟಲಿ ತುಂಬಿ ಇಟ್ಟಳು. ನಿನ್ನ ಕೈಗೆ ಕೊಡುವುದರೊಳಗೆ ನೀನು ಬಸ್ಸು ಹತ್ತಿ ಹೋಗಿದ್ದೆ. ಬಾಟಲಿ ಇನ್ನೂ ಇಲ್ಲೇ ಇದೆ. ಹೊಳಿಯಪ್ಪ ಮಾವನವರ ಕೆಮ್ಮು ಇಳಿಯಿತೇ? ಬೀಡಿ ಬಿಟ್ಟಿದ್ದೇನೆಂದು ಫೋನಿನಲ್ಲಿ ಹೇಳಿದರು. ಹೇಳುವಾಗ ನಡುವೆ ಒಂದು ದಮ್ಮು ಎಳೆದದ್ದು ಯಲಬುರ್ಗಾದಿಂದ ಇಲ್ಲಿಯವರೆಗೆ ಕೇಳಿಸಿತು. ಎಮ್ಮೆ ಈಯಿತೋ ಇಲ್ಲವೋ, ಅದನ್ನೂ ಬರೆ. ಹೆಣ್ಣುಗರುವಾಗಿದ್ದರೆ ಅವ್ವನಿಗೆ ಒಂದು ವಾರದ ಮಾತು ಸಿಕ್ಕಂತಾಗುತ್ತದೆ.

ಮನೆಯಲ್ಲಿ ಫೋನಿರುವಾಗ ಇವನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎನ್ನುತ್ತೀ. ಫೋನಿನಲ್ಲಿ ನೀನು ಆಡುವ ಮಾತು ಒಟ್ಟು ಮೂರು. "ಹ್ಞೂಂ." "ಆರಾಮ ಅದೀವಿ." "ತಡಿ, ಮಾವಗ ಕೊಡ್ತೀನಿ." ನಾಲ್ಕನೆಯದು ಈ ಏಳು ವರ್ಷದಲ್ಲಿ ನನಗೆ ಸಿಕ್ಕಿಲ್ಲ. ಕಾಗದವಾದರೆ ಹಾಗಲ್ಲ. ಮಂಡಕ್ಕಿ ಕಟ್ಟಿಕೊಟ್ಟ ಹಳೆಯ ಪೇಪರನ್ನೂ ನೀನು ಕೊನೆಯ ಸಾಲಿನತನಕ ಓದದೆ ಒಲೆಗೆ ಹಾಕುವವಳಲ್ಲ. ನಾಲ್ಕನೇ ಇಯತ್ತೆಗೇ ಸಾಲಿ ಬಿಡಿಸಿದರೆಂಬ ಸಿಟ್ಟನ್ನು ನೀನು ಹೀಗೆ ತೀರಿಸಿಕೊಳ್ಳುತ್ತಾ ಬಂದಿದ್ದೀ ಎಂದು ಅಪ್ಪ ಹೇಳುತ್ತಿದ್ದ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಖಾನಾವಳಿಯ ಮುಂದಿನ ಬೇವಿನ ಮರ ಈ ಸಲ ಲಂಗು ಲಗಾಮಿಲ್ಲದೆ ಹೂ ಬಿಟ್ಟಿದೆ. ಹೊರಗೆ ಕುಳಿತವರ ಮಜ್ಜಿಗೆಯಲ್ಲಿ ಹೂ ಉದುರುತ್ತದೆ. ಮೊನ್ನೆ ಒಬ್ಬ ಗಿರಾಕಿ ಲೋಟ ಎತ್ತಿ ಹಿಡಿದು, "ಏನ್ರಿ ಇದು?" ಎಂದ. "ಯುಗಾದಿ ಬೇವು ಹತ್ತು ದಿನ ಮೊದಲ ಕೊಡಾಕತ್ತೀವ್ರಿ, ಕುಡೀರಿ" ಅಂದೆ. ಕುಡಿದ. ಇನ್ನೊಂದು ಲೋಟ ಕೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಗಾಡಿ ತಳ್ಳುತ್ತಿದ್ದವನು ಖಾನಾವಳಿ ತನಕ ಬಂದದ್ದು ರೊಟ್ಟಿಯಿಂದಲ್ಲ, ಬಾಯಿಯಿಂದ ಎಂದು ಶೇಖರಮ್ಮ ಹೇಳುತ್ತಾಳೆ. ಅದೇ ಬಾಯಿಯಿಂದ ಏನು ಕಳೆದುಕೊಂಡೆ ಎಂದು ಹೇಳಲು ಹೋದವಳು ರೊಟ್ಟಿ ಬಡಿಯಲು ಎದ್ದುಹೋಗುತ್ತಾಳೆ. ಅವ್ವ ಹೋದ ವರ್ಷ ಹೊತ್ತಿಗೆ ಎರಡು ರೊಟ್ಟಿ ಉಣ್ಣುತ್ತಿದ್ದಳು, ಈಗ ಒಂದೂವರೆ. ಉಳಿದ ಅರ್ಧವನ್ನು ಸೆರಗಿನಲ್ಲಿ ಮುಚ್ಚಿ ಗುಬ್ಬಿಗೆ ಹಾಕುತ್ತಾಳೆ. ಗುಬ್ಬಿಗಳು ಮಾತ್ರ ದಪ್ಪಗಾಗಿವೆ.

ಯುಗಾದಿ ಈ ಸಲ ಗುರುವಾರ ಬಂದಿದೆ. ಹಾಗಾದರೆ ನಮ್ಮ ಭಾನುವಾರ ಏಪ್ರಿಲ್ ಎರಡಕ್ಕೆ. ಹೇಮಗುಡ್ಡದ ಸುತ್ತ ಮುತ್ತಲದ ಗಿಡಗಳು ಎಲೆ ಕಳಚಿ ಹೂ ಹೊತ್ತು ನಿಂತಿವೆಯಂತೆ. ಮೆಹಬೂಬಸಾಬ ಟೆಂಪೋ ತೆಗೆದುಕೊಂಡು ಆ ದಾರಿಯಲ್ಲಿ ಹೋಗಿದ್ದ. "ಗುಡ್ಡಕ್ಕ ಯಾರೋ ಕೆಂಡ ಚೆಲ್ಯಾರ ನೋಡಣ್ಣಾ" ಎಂದ. ಆ ಮಾತು ಕೇಳಿದಾಗಿನಿಂದ ನನಗೆ ರೊಟ್ಟಿ ಎಣಿಸುವಾಗ ಲೆಕ್ಕ ತಪ್ಪುತ್ತಿದೆ. ಕಣ್ಣ ಮುಂದೆ ಅಪ್ಪ ಬಂದು ನಿಲ್ಲುತ್ತಾನೆ.

ನಿನಗೆ ನೆನಪಿದೆಯೋ ಇಲ್ಲವೋ ಎಂದು ಕೇಳುವುದೇ ತಪ್ಪು. ಆದರೂ ಬರೆಯುತ್ತೇನೆ, ನನ್ನ ಸಂತೋಷಕ್ಕೆ. ತಾವರಗೇರಾ ಕಡೆಯ ಒಣಭೂಮಿ ಬಿಟ್ಟು ನಾವು ಕಾಲುವೆ ದಂಡೆಗೆ ಕೂಲಿಗೆ ಬಂದಾಗ ನೀನು ಹದಿಮೂರರವಳು, ನಾನು ಎಂಟರವನು, ಅಯ್ಯಪ್ಪ ಅವ್ವನ ಬೆನ್ನಿನಲ್ಲಿದ್ದ. ಅದುವರೆಗೆ ಜೋಳ ಬಿತ್ತಿದ ಕೈಗಳು ಮೊದಲ ಸಲ ಭತ್ತದ ಸಸಿ ಹಿಡಿದವು. ಬದುವಿನ ಮೇಲೆ ಕೊಡೆ ಹಿಡಿದು ನಿಂತ ಮೇಸ್ತ್ರಿ ತೆಲುಗಿನವನು. ಯಾರಾದರೂ ನಡು ನೋಯುತ್ತದೆಂದು ಎದ್ದು ನಿಂತರೆ, "ವಂಗಂಡಿ, ವಂಗಂಡಿ" ಎಂದು ಕೂಗುತ್ತಿದ್ದ. ಬಗ್ಗಿರಿ, ಬಗ್ಗಿರಿ. ಅಪ್ಪ ಸಾಯುವತನಕ ಕಲಿತ ತೆಲುಗು ಆ ಒಂದೇ ಮಾತು. ಆ ವರ್ಷ ಯುಗಾದಿ ಕಳೆದ ಭಾನುವಾರ ಮುಂಜಾನೆ ಕೂಲಿಗೆ ಕರೆಯಲು ಬಂದವರಿಗೆ ಅಪ್ಪ ಗುಡಿಸಲಿನಿಂದ ಹೊರಗೆ ಬಂದು, "ಇವತ್ತ ನಾವು ಬರಂಗಿಲ್ರಿ" ಅಂದುಬಿಟ್ಟ. ಅವ್ವ ಅಂಜಿದಳು. ಅಪ್ಪ ಅವಳಿಗೆ ಬುತ್ತಿ ಕಟ್ಟಲು ಹೇಳಿದ. "ವರ್ಷಕ್ಕ ಒಂದ ದಿನ ಯಾರ ಹೊಲದಾಗೂ ಬಗ್ಗಬಾರದು. ಬಗ್ಗೂದ ಬ್ಯಾಡ, ಒಟ್ಟ ಬ್ಯಾಡ. ನಡೀರಿ ಗುಡ್ಡಕ್ಕ." ಎಲ್ಲಿಗೆ, ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ದೂರದಿಂದ ಕಾಣುತ್ತಿದ್ದ ಎತ್ತರದ ಜಾಗ ಹೇಮಗುಡ್ಡ, ಅದಕ್ಕೇ ಅಲ್ಲಿಗೆ ನಡೆದೆವು.

ಅಂದು ಬುತ್ತಿಯಲ್ಲಿದ್ದದ್ದು ಹದಿನಾಲ್ಕು ರೊಟ್ಟಿ, ಹಸಿಮೆಣಸಿನ ಖಾರ, ಒಂದು ಗಡ್ಡೆ ಉಳ್ಳಾಗಡ್ಡಿ. ನಾನು ಎಣಿಸಿದ್ದೆ. ದಾರಿಯಲ್ಲಿ ಮುತ್ತಲದ ಗಿಡದ ಬುಡದಲ್ಲಿ ನೀನು ಬಿದ್ದ ಎಲೆ ಆರಿಸಿ, ಹಂಚಿಕಡ್ಡಿ ಚುಚ್ಚಿ ಉಣ್ಣಲು ಪತ್ರೋಳಿ ಕಟ್ಟಿದೆ. ಮೇಲೆ ದುರ್ಗಮ್ಮನಿಗೆ ಕೈಮುಗಿದು, ಇನ್ನೂ ಮೇಲೆ ಬಂಡೆಯ ನೆತ್ತಿಗೆ ಹೋಗಿ ಅಪ್ಪ ನಡುವಿನ ಮೇಲೆ ಎರಡೂ ಕೈ ಇಟ್ಟು ನಿಂತ. ಕೆಳಗೆ ನಾವು ತಿಂಗಳುಗಟ್ಟಲೆ ಬಗ್ಗಿದ ಗದ್ದೆಗಳು. "ನೋಡ ಹುಲಿಗೆವ್ವಾ, ಇಲ್ಲಿಂದ ಒಂದೊಂದು ಹೊಲ ನಿನ್ನ ಪತ್ರೋಳಿಯಷ್ಟ ಅದಾವ" ಎಂದು ನಿನ್ನನ್ನು ಕರೆದು ತೋರಿಸಿದ. ಆಮೇಲೆ ಬಿಸಿ ಬಂಡೆಯ ನೆರಳಿನಲ್ಲಿ ಬೆನ್ನು ನೆಟ್ಟಗೆ ಚಾಚಿ ಮಲಗಿದ. ಮಲಗಿದವನ ಬೆನ್ನಿಗೂ ಬಂಡೆಗೂ ನಡುವೆ ಸಂದು ಉಳಿದಿತ್ತು. ನಾನು ಅದರೊಳಗೆ ಕೈ ತೂರಿಸಿ ನೋಡಿದ್ದೆ. ಹೊತ್ತು ಇಳಿಯುವುದರೊಳಗೆ ಆ ಸಂದು ಮುಚ್ಚಿತ್ತು.

ಅಪ್ಪ ಹೇಳಿದ್ದು ಹೊಲದಲ್ಲಿ ಬಗ್ಗಬಾರದು ಎಂದು ಮಾತ್ರ. ಅದನ್ನು ಕಟ್ಟಳೆ ಮಾಡಿದವಳು ನೀನು. ಆ ಭಾನುವಾರ ಯಾರೂ ಏನಕ್ಕೂ ನಡು ಬಗ್ಗಿಸಬಾರದು. ಬಿದ್ದ ಹುಣಸೆಹಣ್ಣು ಬೇಕಿದ್ದರೆ ಕುಂತು ಎತ್ತಬೇಕು. ಮುಳ್ಳು ಚುಚ್ಚಿದರೆ ಕಾಲನ್ನೇ ಮೇಲೆ ತಂದುಕೊಳ್ಳಬೇಕು. ಬಗ್ಗಿದವರು ಮದುವೆಯಾದವರಾದರೆ ಎಲ್ಲರ ಮುಂದೆ ಒಡಪು ಕಟ್ಟಿ ಗಂಡ ಹೆಂಡಿರ ಹೆಸರು ಹೇಳಬೇಕು, ಮಕ್ಕಳಾದರೆ ಇಪ್ಪತ್ತು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು. ಕೈಯಲ್ಲಿ ಒಂದು ಸೆಳೆ ಕೋಲು ಹಿಡಿದು ಪಂಚರ ಹಾಗೆ ನೀನು ತಿರುಗುತ್ತಿದ್ದೆ. ಎರಡನೆಯ ವರ್ಷವೇ ಅಪ್ಪ ಸಿಕ್ಕಿಬಿದ್ದ. ಬಂಡೆಯ ಸಂದಿನ ನೀರಿಗೆ ಬೊಗಸೆ ಹಿಡಿದು ಬಗ್ಗಿದ್ದ. "ಅಪ್ಪಾ, ಹೆಸರ ಹೇಳ" ಎಂದು ನೀನು ಸೆಳೆ ತೋರಿಸಿದೆ. ಅಪ್ಪ ಕೆಂಪಗಾದ, ಗುಡ್ಡ ನೋಡಿದ, ಮುಗಿಲು ನೋಡಿದ, ಕಡೆಗೆ "ಹೇಮಗುಡ್ಡದ ನೀರು ತಂಪ, ಮುದಕವ್ವ ಬಂದ ಮ್ಯಾಲ ನನ್ನ ಗುಡಿಸಲ ಸೊಂಪ" ಎಂದ. ಅವ್ವ ಸೆರಗು ಬಾಯಿಗಿಟ್ಟುಕೊಂಡು ಓಡಿಹೋಗಿ ಹುಣಸೆಮರದ ಹಿಂದೆ ನಿಂತಳು. ಅಪ್ಪ ಅವ್ವನ ಹೆಸರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಿನ್ನ ಮದುವೆಯಾದ ಮೇಲೂ ಇದು ನಿಲ್ಲಲಿಲ್ಲ. ಮಾವ ಹೊಲ ಬಿಟ್ಟು ಬರುವವರಲ್ಲ. ನೀನೊಬ್ಬಳೇ ಶನಿವಾರ ಸಂಜೆಯ ಬಸ್ಸಿಗೆ ಪತ್ರೋಳಿಯ ಕಟ್ಟನ್ನು ಕಂಕುಳಲ್ಲಿ ಹಿಡಿದು ಇಳಿಯುತ್ತಿದ್ದೆ. ಮಂದಿ ಎಷ್ಟೋ ಎಲೆ ಅಷ್ಟೇ, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಯಾರ ಮನೆಯಲ್ಲಿ ಮಗು ಉಣ್ಣುವಷ್ಟು ದೊಡ್ಡದಾಯಿತು, ಯಾರು ಈ ಸಲ ಬರುವುದಿಲ್ಲ, ಎಲ್ಲವನ್ನೂ ಯಲಬುರ್ಗಾದಲ್ಲಿ ಕುಳಿತೇ ತಿಳಿದುಕೊಳ್ಳುತ್ತಿದ್ದೆ. ಎಣಿಕೆಯಲ್ಲಿ ನಾನು ಹುಷಾರಿ ಎಂದು ಊರು ಹೇಳುತ್ತದೆ. ನನಗೆ ಅದನ್ನು ಕಲಿಸಿದವರು ಯಾರೆಂದು ಊರಿಗೆ ಗೊತ್ತಿಲ್ಲ.

ಕೊಪ್ಪಳ ಜಿಲ್ಲೆಯಾದ ಮೇಲಿನ ಮೊದಲ ಯುಗಾದಿ, ತೊಂಬತ್ತೆಂಟನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಛಲೋ ಆದದ್ದು. ಮೆಹಬೂಬಸಾಬ ಹೊಸ ಟೆಂಪೋ ತಂದಿದ್ದ, ಅವನ ಮನೆಯವರೂ ಬಂದರು. ರೊಟ್ಟಿ ಅರವತ್ತು, ಶೇಂಗಾ ಹೋಳಿಗೆ ನಲವತ್ತು, ಎಣಗಾಯಿ ಒಂದು ಬೋಗುಣಿ, ಮೊಸರು ಎರಡು ಗಡಿಗೆ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಅಯ್ಯಪ್ಪ ಸೇತುವೆಯ ಮೇಲಿನಿಂದ ಜಿಗಿದು, ಲುಂಗಿ ಒಂದು ಕಡೆ ತಾನೊಂದು ಕಡೆ ತೇಲಿದ. ದಂಡೆಯಲ್ಲಿ ಲಗೋರಿ ಆಡಿದೆವು. ಹಂಚು ಹೊಂದಿಸಲು ಬಗ್ಗಿದ ಶೇಖರಮ್ಮ ನಿನ್ನ ಕೈಗೆ ಸಿಕ್ಕಳು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ಗುಡ್ಡದ ತುದಿಗೆ ನಿಂತ್ರ ಕಾಣ್ತೈತಿ ಕಾಲುವಿ ನೀರು, ಗಾದಿಲಿಂಗಪ್ಪನ ಬಾಯಿ ಮುಚ್ಚಿಸೋರು ಯಾರು?" ನೀನು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡೆ. ಆ ನಗೆಯನ್ನು ನಾನು ಆಮೇಲೆ ಕೇಳಿಲ್ಲ.

ಇನ್ನು ಮರುವರ್ಷದ ಮಾತಿಗೆ ಬರಲೇಬೇಕು. ನೀನು ಇಲ್ಲಿ ಕಾಗದ ಮಡಿಚಿ ಇಡಬಹುದು. ಇಡಬೇಡ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಹುಬ್ಬಳ್ಳಿಯಲ್ಲಿ ನಿನ್ನ ಹೊಟ್ಟೆಯ ಗಡ್ಡೆ ತೆಗೆದರು. ಬಸ್ಸು ಹತ್ತಕೂಡದು ಎಂದು ಡಾಕ್ಟರು ಹೇಳಿದ್ದರು. ಇಷ್ಟು ವರ್ಷದಲ್ಲಿ ನೀನು ಬರದೇ ಹೋದದ್ದು ಅದೇ ಮೊದಲು. ಆದರೆ ಪತ್ರೋಳಿ ಬಂತು. ನಿಮ್ಮ ನೆರೆಮನೆಯ ಪಕ್ಕೀರವ್ವ ಹರಕೆ ತೀರಿಸಲು ಹೇಮಗುಡ್ಡಕ್ಕೆ ಬರುವವಳಿದ್ದಳು, ಅವಳ ಕೈಯಲ್ಲಿ ಕಳಿಸಿದ್ದೆ. ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತು ಕಟ್ಟಿದ್ದೆಯಂತೆ. ಹುಣಸೆಮರದ ಕೆಳಗೆ ಬಿಚ್ಚಿ ಎಣಿಸಿದೆ. ಹನ್ನೆರಡು. ನಾವು ಹನ್ನೊಂದು ಮಂದಿ. ಎಂದೂ ತಪ್ಪದ ನಿನ್ನ ಎಣಿಕೆಯಲ್ಲಿ ಒಂದು ಎಲೆ ಹೆಚ್ಚಾಗಿತ್ತು. ಖಾನಾವಳಿ ನಡೆಸುವವನಿಗೆ ಖಾಲಿ ಎಲೆ ನೋಡಿದರೆ ಕೈ ಸುಮ್ಮನಿರುವುದಿಲ್ಲ. ಹನ್ನೆರಡನೆಯದನ್ನು ಸಾಲಿನ ಕೊನೆಗೆ ಹಾಸಿ, ನಿನಗೆ ಸೇರುವುದನ್ನೆಲ್ಲ ಬಡಿಸಿದೆ. ಗುರೆಳ್ಳು ಹಿಂಡಿ, ಕಟಕ ರೊಟ್ಟಿ, ಹೋಳಿಗೆಯ ಮೇಲೆ ತುಪ್ಪ. ಇರುವೆ ಬರಬಾರದೆಂದು ಸುತ್ತಲೂ ನೀರು ಬಿಟ್ಟೆ. ಅಷ್ಟರಲ್ಲಿ ಮರದಿಂದ ಒಂದು ಕಾಗೆ ಇಳಿದು ಆ ಎಲೆಯ ಹೋಳಿಗೆಗೆ ಬಾಯಿ ಹಾಕಿತು. "ಅಕ್ಕ ಬಂದ್ಲು ನೋಡ್ರಿ, ಹಸಿವಿ ತಡಕೊಳ್ಳಾಕ ಆಗಿಲ್ಲ ಅಕಿಗೆ" ಅಂದೆ. ಎಲ್ಲರೂ ನಕ್ಕರು. ಇಷ್ಟೇ ಆದದ್ದು. ಗುಡಿಯಿಂದ ಇಳಿದು ಬರುತ್ತಿದ್ದ ಪಕ್ಕೀರವ್ವ ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದಾಳೆಂದು ನನಗೇನು ಗೊತ್ತು.

ಅವಳು ನಿನ್ನ ಮಂಚದ ಹತ್ತಿರ ಬಂದು ಹೇಳಿದ್ದನ್ನು ಮಾವ ಆಮೇಲೆ ನನಗೆ ಹೇಳಿದರು. "ನಿನ್ನ ತಮ್ಮ ನಿನಗ ಎಡಿ ಹಿಡದಾನವ್ವಾ, ಕಾಗಿ ಮುಟ್ಟಿದ ಮ್ಯಾಲ ತಾ ಉಂಡಾನ." ಹೆಣ ಇಟ್ಟು ಮೂರನೆಯ ದಿನ ಮಾಡುವುದನ್ನು ತಮ್ಮ ಬದುಕಿದ ಅಕ್ಕನಿಗೆ ಮಾಡಿದ ಎಂದು ಆಯಿತು. ನಾನು ನನ್ನ ಪರವಾಗಿ ಎಷ್ಟೋ ಮಾತು ಆಡಿಕೊಂಡಿದ್ದೇನೆ. ಎಲೆ ಕಳಿಸಿದವಳು ನೀನು, ಹಾರಿ ಬಂದದ್ದು ಕಾಗೆ, ಚಾಡಿ ಹೇಳಿದವಳು ಪಕ್ಕೀರವ್ವ, ನಡುವೆ ನನ್ನದು ಬರೀ ಒಂದು ಮಾತು. ತಲೆಗೆ ಕಾಗೆ ಬಡಿದರೆ ನಮ್ಮವರೇ ನೆಂಟರಿಗೆ ಸುಳ್ಳು ಸಾವಿನ ಸುದ್ದಿ ಕಳಿಸುವುದಿಲ್ಲವೇ, ಹಾಗೆ ಮಾಡಿದರೆ ಆಯುಷ್ಯ ಗಟ್ಟಿ ಎಂದು? ಆ ಲೆಕ್ಕದಲ್ಲಿ ನಾನು ನಿನಗೆ ಉಪಕಾರವೇ ಮಾಡಿದ್ದೇನೆ. ಏಳು ವರ್ಷದಲ್ಲಿ ಮೊಣಕಾಲು ಬಿಟ್ಟರೆ ನಿನಗೆ ಒಂದು ಜ್ವರವೂ ಬಂದಿಲ್ಲ. ಇದನ್ನು ನಿನ್ನೆದುರು ಹೇಳಬೇಕೆಂದು ಆ ಸಲದ ಪಂಚಮಿಗೆ ಕಾದಿದ್ದೆ. ನೀನು ಬಂದೆ, ಉಂಡೆ, ಅವ್ವನ ತಲೆ ಬಾಚಿದೆ. ಬಸ್ಸು ಹತ್ತುವಾಗ, ಮುಂದಿನ ಯುಗಾದಿಗೆ ಬಾ ಎಂದದ್ದಕ್ಕೆ ಒಂದೇ ಮಾತು ಹೇಳಿದೆ. "ಸತ್ತಾಕಿ ಬುತ್ತಿಗೆ ಹ್ಯಾಂಗ ಬರಬೇಕೋ, ತಮ್ಮಾ." ಊರನ್ನೆಲ್ಲ ಮಾತಿನಲ್ಲಿ ಸೋಲಿಸುವ ನಾನು ಅವತ್ತು ತಿರುವಿನತನಕ ಬಸ್ಸಿನ ಹಿಂದೆ ನಡೆದುಹೋದೆ.

ಆಮೇಲೆ ಆರು ಭಾನುವಾರ ಗುಡ್ಡಕ್ಕೆ ಹೋಗಿ ಬಂದಿದ್ದೇವೆ. ಹೋಗಿ ಬರುತ್ತೇವೆ, ಅಷ್ಟೇ. ಪಂಚರಿಲ್ಲದ ಮೇಲೆ ಕಟ್ಟಳೆಗೆ ಬೆಲೆಯೇನು? ಎಲ್ಲರೂ ಮನಸ್ಸಿಗೆ ಬಂದಂತೆ ಬಗ್ಗುತ್ತಾರೆ. ಅಯ್ಯಪ್ಪ ಕ್ರಿಕೆಟ್ ಬ್ಯಾಟು ತರುತ್ತಾನೆ, ಅವನ ಹೆಂಡತಿ ರೂಪಾ ಟೆಂಪೋದ ಮೇಲೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಕಟ್ಟಿಸುತ್ತಾಳೆ. ಗುಡ್ಡಕ್ಕೆ ಕುರ್ಚಿ ತೆಗೆದುಕೊಂಡು ಹೋಗುವುದನ್ನು ಅಪ್ಪ ನೋಡಿದ್ದರೆ, ಬೆನ್ನಿಗೆ ಹಿತವೆಂದು ಮೊದಲು ತಾನೇ ಕೂರುತ್ತಿದ್ದನೇನೋ. ಮೆಹಬೂಬಸಾಬನ ದೊಡ್ಡ ಮಗಳು ಗಂಡನ ಮನೆಗೆ ಹೋದಳು, ಅಯ್ಯಪ್ಪನ ಮನೆಯಲ್ಲಿ ತೊಟ್ಟಿಲು ತೂಗಿತು. ಮಂದಿ ಹನ್ನೊಂದಕ್ಕೇ ನಿಂತಿದ್ದಾರೆ.

ಹೋದ ವಾರ ಹಬ್ಬಕ್ಕೆಂದು ಅಟ್ಟ ಝಾಡಿಸುವಾಗ ಅನುಷಾಳ ಕೈಗೆ ಗುಡ್ಡದ ಪಟ್ಟಿಯ ವಹಿ ಸಿಕ್ಕಿತು. ಮೊದಲ ಪುಟಗಳು ನಿನ್ನ ಗುಂಡು ಅಕ್ಷರ, ನಿನ್ನ ಮದುವೆಯ ಮೇಲಿನವು ನನ್ನ ಕಾಗೆ ಕಾಲು. ಹನ್ನೆರಡು ವರ್ಷದ ಹುಡುಗಿ, ಯಾರ ಮೊಮ್ಮಗಳು ನೋಡು, ಕೂತು ತಾಳೆ ಹಾಕಿದಳು. "ಅಪ್ಪಾ, ನಿನ್ನ ಪಟ್ಟಿ ತಪ್ಪೈತಿ. ಆರು ವರ್ಷದಿಂದ ಹನ್ನೆರಡು ಹೆಸರು, ಹನ್ನೆರಡು ಎಲಿ ಬರದೀ. ರೊಟ್ಟಿ ಮಾತ್ರ ಹನ್ನೊಂದು ಮಂದೀದು. ಹುಲಿಗೆಮ್ಮತ್ತಿ ಬರಂಗಿಲ್ಲಲ್ಲ, ಅಕಿ ಹೆಸರು ಯಾಕ?" ಅಭ್ಯಾಸ ಎಂದೆ. ವಹಿಯ ಹಿಂದೆ ಬಟ್ಟೆಯಲ್ಲಿ ಸುತ್ತಿಟ್ಟ ಆರು ಒಣ ಪತ್ರೋಳಿಗಳನ್ನೂ ಅವಳು ಎಳೆದು ತೆಗೆದಳು. "ಇವು ಯಾಕ?" ಖಾನಾವಳಿಯವನು ಒಳ್ಳೆಯ ಎಲೆ ಬಿಸಾಡುವುದಿಲ್ಲ ಎಂದೆ. ಅವಳು ನಂಬಲಿಲ್ಲ. ಮೂಲೆಯಲ್ಲಿ ಗೋಧಿ ಆರಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ, ಆದರೆ ಕೈ ನಿಂತಿತು.

ಅಂದು ಸಂಜೆ ಅವ್ವ ಹೇಳಿಬಿಟ್ಟಳು. ಈ ಸಲ ಅವಳು ಗುಡ್ಡಕ್ಕೆ ಬರುವುದಿಲ್ಲ. ಕಾಲು ನೋವೇ ಎಂದೆ. ಅಲ್ಲ. ಟೆಂಪೋದಲ್ಲಿ ಮುಂದಿನ ಸೀಟು ಕೊಡಿಸುತ್ತೇನೆ ಎಂದೆ. ಅದೂ ಅಲ್ಲ. "ಹನ್ನೊಂದು ಮಂದಿ ಹೋಗೂದು ನನಗ ಸಾಕಾಗೈತಿ. ಒಂದು ಕಮ್ಮಿ ಇದ್ದ ಮ್ಯಾಲ ಎರಡು ಕಮ್ಮಿ ಆದ್ರ ಏನಾತು? ನೀವು ಹೋಗ್ರಿ." ಅವ್ವ ಬರದಿದ್ದರೆ ಶೇಖರಮ್ಮ ಬರುವುದಿಲ್ಲ, ಶೇಖರಮ್ಮ ಬರದಿದ್ದರೆ ಬುತ್ತಿ ಇಲ್ಲ, ಬುತ್ತಿ ಇಲ್ಲದೆ ಮೆಹಬೂಬಸಾಬ ಟೆಂಪೋದ ಕೀಲಿ ಮುಟ್ಟುವುದಿಲ್ಲ. ಅಪ್ಪ ಮೇಸ್ತ್ರಿಯ ಬಾಯಿಗೆ ಎದುರು ನಿಂತು ಕಸಿದುಕೊಂಡು ಬಂದ ಒಂದು ದಿನ, ಮೂವತ್ತನಾಲ್ಕು ವರ್ಷ ನಡೆದದ್ದು, ಹೀಗೆ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತುಹೋಗುತ್ತದೆ. ನಾನು ಇದ್ದಬದ್ದ ಬಾಯಿಯನ್ನೆಲ್ಲ ಖರ್ಚು ಮಾಡಿ ನೋಡಿದೆ. ಅವ್ವ ಗೋಧಿ ಆರಿಸುತ್ತಲೇ ಇದ್ದಳು.

ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೊಣಕಾಲಿಗೆ ಗುಡ್ಡ ಹತ್ತಲು ಆಗದು ಎಂಬುದು ನನಗೆ ಗೊತ್ತಿದೆ. ಹತ್ತಬೇಡ. ಹುಣಸೆಮರದ ಕೆಳಗೆ ರೂಪಾಳ ಕುರ್ಚಿಯೊಂದು ಹಾಕಿಸುತ್ತೇನೆ, ಸೆಳೆ ಹಿಡಿದು ಅಲ್ಲೇ ಪಂಚಾಯ್ತಿ ಮಾಡು. ನಮ್ಮ ಗಾಳೇಶನಿಗೆ ಒಂಬತ್ತು ವರ್ಷವಾಯಿತು, ಈ ಕಟ್ಟಳೆ ಅವನಿಗೆ ಗೊತ್ತೇ ಇಲ್ಲ. ಮೊನ್ನೆ ಹೇಳಿದರೆ, "ಬಗ್ಗಿದ್ರ ಏನಾಗ್ತೈತಿ?" ಎಂದು ಕೇಳಿದ. ಅವನಿಗೆ ಉತ್ತರ ಹೇಳಬೇಕಾದವಳು ನೀನು, ಅಪ್ಪನ ಬೆನ್ನು ನೋಡಿದವಳು.

ಮಾವನವರಿಗೆ ನನ್ನ ಶರಣು ಹೇಳು, ಕೆಮ್ಮಿಗೆ ಬಿಸಿನೀರು ಕೊಡು, ಬೀಡಿ ಕಟ್ಟು ಎಲ್ಲಿಡುತ್ತಾರೆಂದು ಹುಡುಕು. ದೊಡ್ಡವಳಾದ ನಿನಗೆ ನಾನು ಆಶೀರ್ವಾದ ಬರೆಯುವಂತಿಲ್ಲ, ಆದ್ದರಿಂದ ಅವ್ವನದನ್ನು ಬರೆಯುತ್ತೇನೆ. ನೂರು ಯುಗಾದಿ ಕಾಣು ಎನ್ನುತ್ತಾಳೆ. ಶೇಖರಮ್ಮ, ಅಯ್ಯಪ್ಪ, ರೂಪಾ, ಮಕ್ಕಳು, ಮೆಹಬೂಬಸಾಬ ಎಲ್ಲರೂ ನಿನ್ನನ್ನು ಕೇಳಿದ್ದಾರೆ.

ನಿನ್ನ ತಮ್ಮ,
ಗಾದಿಲಿಂಗ

ತಾ.ಕ. ಟಪಾಲು ತೆಗೆಯುವ ಹೊತ್ತಾಗಿದೆ, ಆದರೂ ಅವ್ವ ಬಿಡಲಿಲ್ಲ. ಓದಿ ಹೇಳು ಎಂದಳು, ಓದಿದೆ. ಪೂರ್ತಿ ಕೇಳಿ, "ಎಲ್ಲಾರೂ ನಕ್ಕರು ಅಂತ ಬರದೀಯಲ್ಲ, ಯಾರು ನಕ್ಕಿದ್ರು, ಹೆಸರು ಹೇಳು" ಎಂದಳು. ಒಬ್ಬೊಬ್ಬರನ್ನೇ ನೆನೆದು ನೋಡಿದೆ. ಯಾರೂ ನಕ್ಕಿರಲಿಲ್ಲ, ಅಕ್ಕಾ. ಆ ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿದ್ದಾರೆ, ಏನೆಂದು ತಿಳಿಯುವತನಕ ಅವ್ವನಿಗೆ ಹೇಳಬೇಡ ಎಂದು ಮಾವ ಆಗ ನನಗೊಬ್ಬನಿಗೇ ಹೇಳಿದ್ದರು. ಒಂಬತ್ತು ದಿನದಿಂದ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಿರಾಕಿಗಳನ್ನು ನಗಿಸುತ್ತಿದ್ದೆ. ಖಾನಾವಳಿಯವನ ಕೈ ಎಂದದ್ದು ಸುಳ್ಳು. ಆ ಎಲೆ ಖಾಲಿ ಬಿಟ್ಟರೆ ನೀನು ಇಲ್ಲವೆಂದು ಆಗುತ್ತದೆ ಎಂದು ಅಂಜಿ ಬಡಿಸಿದೆ. ಕಾಗೆ ಕೂತ ಕೂಡಲೇ ಎಲ್ಲರ ಬಾಯಿಯೂ ಕಟ್ಟಿತು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ, ಕೈಗೆ ಸಿಕ್ಕ ಕಲ್ಲು ಎಸೆದಂತೆ ಬಾಯಿಗೆ ಬಂದ ಮಾತು ಎಸೆದೆ. ಅದು ನಿನಗೆ ಬಡಿಯಿತು. ಎರಡು ದಿನದ ಮೇಲೆ, ಅಂಜುವಂಥದ್ದೇನೂ ಇಲ್ಲವಂತೆ ಎಂದು ಮಾವನ ಫೋನು ಬಂತು. ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ಎಷ್ಟು ಸಲ ಎಂದು ಎಣಿಸಲಿಲ್ಲ.

ತಪ್ಪು ಪಕ್ಕೀರವ್ವನದಲ್ಲ, ನನ್ನದು. ಅಟ್ಟದ ಮೇಲಿನ ಆ ಆರು ಎಲೆಗಳ ಮೇಲೆ ಒಂದು ಅಗುಳೂ ಬಡಿಸಿಲ್ಲ. ನೀನು ಕೂತ ಮೇಲೆಯೇ ಬಡಿಸುವುದು ಎಂದು ಹಾಗೇ ಮಡಿಚಿ ತಂದದ್ದು. ಮೆಹಬೂಬಸಾಬನ ಟೆಂಪೋದಲ್ಲಿ ಒಂದನೇ ತಾರೀಖು ಮಧ್ಯಾಹ್ನಕ್ಕೆ ಯಲಬುರ್ಗಾಕ್ಕೆ ಬರುತ್ತೇನೆ, ಬೆಳ್ಳುಳ್ಳಿ ಎಣ್ಣೆಯ ಬಾಟಲಿಯನ್ನೂ ತರುತ್ತೇನೆ. ಜೊತೆಗೆ ಹೊರಡುವುದು ಬಿಡುವುದು ನಿನ್ನ ಇಚ್ಛೆ. ಬಾಗಿಲು ಮಾತ್ರ ತೆಗೆ, ನಿನ್ನ ಕಾಲು ಮುಟ್ಟುವುದಿದೆ. ಭಾನುವಾರ ಬಗ್ಗಬಾರದೆಂದು ಕಟ್ಟಳೆ ಮಾಡಿದವಳು ನೀನೇ, ಅದಕ್ಕೇ ಶನಿವಾರ ಬರುತ್ತಿದ್ದೇನೆ.